ಲಕ್ಷದ ಲೆನ್ಸು, ಅಡಿಕೆ ತೋಟದ ಬೆಳಕು

ಒಂದು ಲೆನ್ಸಿಗೆ ಒಂದು ಲಕ್ಷದ ಎಂಟು ಸಾವಿರ ರೂಪಾಯಿ. ಕ್ಯಾಮೆರಾ ಬೇರೆ, ಅದು ಮನೆಯಲ್ಲಿದೆ. ಇದು ಅದರ ಮುಂದೆ ಸಿಕ್ಕಿಸುವ ಬರೀ ಲೆನ್ಸು. ನಿಕಾನ್ ಕಂಪನಿಯ 200–500 ಮಿ.ಮೀ. ಜೂಮ್. 2015ರಲ್ಲಿ ಬಂದಾಗಿನಿಂದ, ಹಕ್ಕಿ ಚಿತ್ರ ತೆಗೆಯುವ ಸಾಮಾನ್ಯರ ಕೈಗೆ ಎಟುಕುವ ಲೆನ್ಸು ಅಂತ ಇದಕ್ಕೆ ಹೆಸರು. ಹೌದು, ಇದೇ ಕೆಲಸ ಮಾಡುವ ದೊಡ್ಡ ಲೆನ್ಸುಗಳಿಗೆ ಹತ್ತು ಲಕ್ಷ ಕೊಡುವವರೂ ಇದ್ದಾರೆ. ಆದರೆ ನಮ್ಮ ಶೆಟ್ಟಿಕೊಪ್ಪದಲ್ಲಿ ನಿಂತು ನೋಡಿದರೆ ಒಂದು ಲಕ್ಷ ಎಟುಕುವ ದುಡ್ಡೂ ಅಲ್ಲ, ತೀರಾ ಎಟುಕದ ದುಡ್ಡೂ ಅಲ್ಲ. ತೊಂದರೆ ಇರುವುದೇ ಅಲ್ಲಿ. ಹತ್ತು ಲಕ್ಷ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಹತ್ತು ಸಾವಿರ ಅಂದಿದ್ದರೆ ಕೊಂಡೇ ಬಿಡುತ್ತಿದ್ದೆ.

ನರಸಿಂಹರಾಜಪುರದಿಂದ ಕೊಪ್ಪದ ಕಡೆ ಹೋಗುವಾಗ ನಮ್ಮೂರು ಸಿಗುತ್ತದೆ. ನಮಗೆ ಎರಡೂವರೆ ಎಕರೆ ಅಡಿಕೆ, ಸ್ವಲ್ಪ ಕಾಳುಮೆಣಸು, ಎರಡು ಹಸು. ಮಗಳು ಕೆಲಸಕ್ಕೆ ಸೇರಿದ ವರ್ಷ ನನಗೊಂದು ನಿಕಾನ್ ಡಿ5600 ಕ್ಯಾಮೆರಾ ತಂದುಕೊಟ್ಟಳು. ಜೊತೆಗೆ ಎರಡು ಲೆನ್ಸು: ಒಂದು 18–55, ಇನ್ನೊಂದು 70–300. ಆವತ್ತಿನಿಂದ ಬೆಳಗಿನ ತಿಂಡಿ ಮುಗಿಸಿ ಅರ್ಧ ಗಂಟೆ, ಸಂಜೆ ಹಾಲು ಕರೆಯುವ ಮುಂಚೆ ಅರ್ಧ ಗಂಟೆ ಕ್ಯಾಮೆರಾ ನನ್ನ ಕೈಯಲ್ಲಿರುತ್ತದೆ. ಪಿಕಳಾರ, ಮಡಿವಾಳ ಹಕ್ಕಿ, ಕಾಜಾಣ, ಸೂರಕ್ಕಿ, ಕುಟುರ, ಬಚ್ಚಲ ನೀರು ಹರಿಯುವ ಜಾಗಕ್ಕೆ ಬರುವ ಸಿಳ್ಳೆ ಹಕ್ಕಿ, ಅತ್ತಿ ಹಣ್ಣಾದಾಗ ಬರುವ ಮಂಗಟ್ಟೆ. ಯಾವುದಕ್ಕೂ ನಾನು ಊರು ಬಿಟ್ಟು ಹೋಗಬೇಕಾಗಿಲ್ಲ.

ಕಳೆದ ವರ್ಷ ನನ್ನ ಹೆಸರಿನಲ್ಲಿದ್ದ ಒಂದು ಪಾಲಿಸಿ ಮುಗಿದು ಒಂದು ಲಕ್ಷದ ನಲವತ್ತು ಸಾವಿರ ಕೈಗೆ ಬಂತು. ಹಾಲಿನ ದುಡ್ಡಿನಲ್ಲಿ ಕಟ್ಟುತ್ತಾ ಬಂದದ್ದು. ಲೆನ್ಸಿನ ಮಾತು ಎತ್ತಿದ್ದೇ ಆಗ. ಹಳ್ಳಿಯಲ್ಲಿ ದೊಡ್ಡ ಮೊತ್ತವನ್ನು ರೂಪಾಯಿಯಲ್ಲಿ ಯಾರೂ ಅಳೆಯುವುದಿಲ್ಲ, ಗೊತ್ತಲ್ಲ. ನಮ್ಮವರು, "ಒಳ್ಳೇ ಜಾತಿ ಹಸು ಒಂದು ಬಂದು ಇನ್ನೂ ಉಳೀತದೆ" ಅಂದರು. ಪಕ್ಕದ ಮನೆಯವರು ಔಷಧಿ ಹೊಡೆಯುವ ಮೆಷಿನ್ನಿನ ಲೆಕ್ಕ ಹೇಳಿದರು. ನನ್ನ ಅಕ್ಕ ಫೋನಿನಲ್ಲೇ ಬಂಗಾರದ ರೇಟು ಓದಿದಳು. "ಹಕ್ಕಿ ಕಾಣ್ಲಿಕ್ಕೆ ಲಕ್ಷ ಎಂತಕ್ಕೆ ಮಾರಾಯ್ತಿ? ಕಣ್ಣು ಬಿಟ್ರೆ ಕಾಣ್ತದೆ" ಅಂತ ಇನ್ನೊಬ್ಬರು.

ಇದೇ ಕೇರಿಯಲ್ಲಿ ಹುಡುಗನೊಬ್ಬ ಎರಡು ಲಕ್ಷದ ಬೈಕ್ ತಂದ ದಿನ ಯಾರೂ ಹಸುವಿನ ಲೆಕ್ಕ ಹೇಳಿರಲಿಲ್ಲ. ಆರತಿ ಎತ್ತಿದೆವು, ಸ್ವೀಟು ತಿಂದೆವು. ಐವತ್ತು ದಾಟಿದ ಹೆಂಗಸು ತನ್ನ ಖುಷಿಗೆ ಅಂತ ಒಂದು ವಸ್ತು ಕೇಳಿದಾಗ ಮಾತ್ರ ಎಲ್ಲರಿಗೂ ಲೆಕ್ಕ ನೆನಪಾಗುತ್ತದೆ. ಹಾಗಂತ ಹಠಕ್ಕೆ ಬಿದ್ದು ಕೊಳ್ಳುವ ಜಾಯಮಾನವೂ ನನ್ನದಲ್ಲ. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಸೀಮೆಯ ಅಡಿಕೆಗೆ ಮೊದಲೇ ಹಳದಿ ಎಲೆ ರೋಗ ಇತ್ತು, ಈಗ ಎಲೆಚುಕ್ಕಿ ರೋಗವೂ ಜೊತೆಯಾಗಿದೆ. ಮುಂದಿನ ವರ್ಷ ತೋಟ ಎಷ್ಟು ಕೊಡುತ್ತದೆ ಅಂತ ಎದೆ ತಟ್ಟಿ ಹೇಳುವವರು ಯಾರೂ ಇಲ್ಲ. ಇಂಥ ಹೊತ್ತಲ್ಲಿ ಒಂದು ಲಕ್ಷ ಅಂದರೆ ಒಂದು ವರ್ಷದ ಧೈರ್ಯ.

ಹಾಗಾಗಿ ನಾನು ಒಂದು ತೀರ್ಮಾನ ಮಾಡಿಕೊಂಡೆ. ಬೇಕು ಅನ್ನುವುದಕ್ಕೆ ಕಾರಣ ಬೇಕು, ಸರಿ. ಬೇಡ ಅನ್ನುವುದಕ್ಕೂ ಕಾರಣ ಬೇಕು. ಜನ ಏನಂತಾರೋ ಅನ್ನುವ ಸಂಕೋಚಕ್ಕೆ ಬೇಡ ಅಂದರೆ ಆ ಆಸೆ ಸಾಯುವುದಿಲ್ಲ, ಒಳಗೆ ಕೂತು ಕೊರೆಯುತ್ತದೆ. ಬೇಡ ಅಂತಾದರೆ ಅದನ್ನು ಲೆನ್ಸೇ ಹೇಳಬೇಕು, ನಮ್ಮ ತೋಟದ ಬೆಳಕೇ ಹೇಳಬೇಕು.

ಮೊದಲು, ಇದಕ್ಕೆ ಇಷ್ಟು ಬೆಲೆ ಯಾಕೆ ಅಂತ ತಿಳಿದುಕೊಂಡೆ. ಲೆನ್ಸಿನ ಮೇಲೆ ಎರಡು ಬಗೆಯ ಅಂಕಿ ಇರುತ್ತದೆ. 300, 500 ಅನ್ನುವುದು ಎಷ್ಟು ದೂರದ್ದನ್ನು ಹತ್ತಿರ ತರುತ್ತದೆ ಅನ್ನುವುದಕ್ಕೆ. ಎಫ್/4, ಎಫ್/5.6 ಅನ್ನುವುದು ಎಷ್ಟು ಬೆಳಕು ಒಳಗೆ ಬಿಡುತ್ತದೆ ಅನ್ನುವುದಕ್ಕೆ. ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿದರೆ ಬೆಳಕು ಬರುವ ಕಿಂಡಿಯ ಅಗಲ ಸಿಗುತ್ತದೆ. 500ನ್ನು 5.6ರಿಂದ ಭಾಗಿಸಿ, ಸುಮಾರು 89 ಮಿ.ಮೀ. ಅಂದರೆ ಮುಂದಿನ ಗಾಜು ಕಡಿಮೆಯೆಂದರೂ ಅಷ್ಟು ಅಗಲ ಇರಲೇಬೇಕು. ಅದೇ ವೃತ್ತಿಪರರ 600 ಮಿ.ಮೀ. ಎಫ್/4 ಲೆನ್ಸಾದರೆ 150 ಮಿ.ಮೀ. ಅಷ್ಟು ದೊಡ್ಡ ಗಾಜನ್ನು ಒಂದು ಗುಳ್ಳೆ ಇಲ್ಲದೆ, ಒಂದು ಗೀರಿಲ್ಲದೆ ತಯಾರಿಸಬೇಕು. ಹತ್ತು ಲಕ್ಷ ಹೋಗುವುದು ಅಲ್ಲಿಗೆ. ನಾವು ದುಡ್ಡು ಕೊಡುವುದು ದೂರಕ್ಕೆ ಅಂತ ಅನ್ನಿಸುತ್ತದೆ, ನಿಜವಾಗಿ ಹೆಚ್ಚಿನ ದುಡ್ಡು ಹೋಗುವುದು ಬೆಳಕಿಗೆ.

ಆಮೇಲೆ ನನ್ನ ಹಳೇ ಚಿತ್ರಗಳನ್ನು ತೆರೆದು ಕೂತೆ. ಡಿಜಿಟಲ್ ಚಿತ್ರದ ಒಳಗೆ ಅದನ್ನು ತೆಗೆದ ಜಾತಕವೇ ಇರುತ್ತದೆ: ಯಾವ ಲೆನ್ಸು, ಎಷ್ಟು ಮಿ.ಮೀ., ಎಷ್ಟು ವೇಗ, ಎಷ್ಟು ಐಎಸ್‌ಓ. ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಬಲಗಡೆ ಒತ್ತಿ ವಿವರ ನೋಡಿದರೆ ಸಿಗುತ್ತದೆ. ಮಗಳು ಅದನ್ನೆಲ್ಲ ಒಂದು ಪಟ್ಟಿಗೆ ತಂದುಕೊಟ್ಟಳು. ನಾನು ಚೆನ್ನಾಗಿದೆ ಅಂತ ಉಳಿಸಿಕೊಂಡಿದ್ದ ಚಿತ್ರಗಳು 1,140. ಅದರಲ್ಲಿ 300 ಮಿ.ಮೀ.ಗೆ ಪೂರ್ತಿ ಎಳೆದು ತೆಗೆದ ಹಕ್ಕಿಗಳು 412. ಮದುವೆ, ನಾಮಕರಣ, ದೀಪಾವಳಿ ಅಂತ ಮನೆಮಂದಿಯ ಚಿತ್ರ 350. ಇನ್ನುಳಿದ 378 ಚಿತ್ರಗಳಲ್ಲಿ ಇದ್ದದ್ದು ಕಪ್ಪೆ, ಜೇಡ, ಅಣಬೆ, ಕೊಡಪಾನದ ಮೇಲೆ ಕೂತ ಮಿಡತೆ, ಹೂವು. ಹಕ್ಕಿ ಹುಚ್ಚಿನವಳು ಅಂತ ಊರೆಲ್ಲ ಹೆಸರಾಗಿದ್ದರೂ ನನ್ನ ಕ್ಯಾಮೆರಾ ಹೆಚ್ಚುಕಡಿಮೆ ಹಕ್ಕಿಯಷ್ಟೇ ನೆಲವನ್ನೂ ನೋಡಿದೆ!

ಚೆನ್ನಾಗಿ ಬಂದದ್ದು ಮಾತ್ರ ನೋಡಿದರೆ ಸಾಲದು, ಕೆಟ್ಟದ್ದು ಯಾಕೆ ಕೆಟ್ಟಿತು ಅಂತಲೂ ನೋಡಬೇಕಲ್ಲ. ಒಂದು ಹಂಗಾಮಿನ ಹಕ್ಕಿ ಚಿತ್ರಗಳನ್ನು ನಾನು ಅಳಿಸದೆ ಹಾಗೇ ಇಟ್ಟಿದ್ದೆ. ಅದರಲ್ಲಿ 371 ಕೆಟ್ಟ ಚಿತ್ರ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದೆ. 210ರಲ್ಲಿ ಹಕ್ಕಿಯೋ ನನ್ನ ಕೈಯೋ ಅಲುಗಿ ಮಸುಕಾಗಿತ್ತು. 96ರಲ್ಲಿ ಹಕ್ಕಿಯ ಬದಲು ಮುಂದಿನ ಕಡ್ಡಿಗೆ ಫೋಕಸ್ ಆಗಿತ್ತು. ಬರೀ ದೂರವಾಯಿತು, ಚಿಕ್ಕದಾಯಿತು ಅನ್ನುವ ಕಾರಣಕ್ಕೆ ಕೆಟ್ಟದ್ದು 65. ಲಕ್ಷದ ಲೆನ್ಸು ಖಂಡಿತ ಸರಿ ಮಾಡಬಹುದಾದದ್ದು ಈ 65ನ್ನು. ಮಸುಕಾದ 210 ಚಿತ್ರಗಳದ್ದು ಬೆಳಕಿನ ಕತೆ. ಬೆಳಕು ಕಡಿಮೆ ಇದ್ದರೆ ಕ್ಯಾಮೆರಾ ನಿಧಾನಕ್ಕೆ ಕಣ್ಣು ಮಿಟುಕಿಸುತ್ತದೆ, ಅಷ್ಟರೊಳಗೆ ಹಕ್ಕಿ ಕತ್ತು ತಿರುಗಿಸಿರುತ್ತದೆ.

ಹೊಸ ಲೆನ್ಸು ಇಲ್ಲಿ ಎಷ್ಟು ಸಹಾಯ ಮಾಡುತ್ತದೆ? ನನ್ನ ಹಳೇ ಲೆನ್ಸು 300 ಮಿ.ಮೀ.ನಲ್ಲಿ ಎಫ್/6.3. ಹೊಸದು ಎಫ್/5.6. ಲೆಕ್ಕ ಹಾಕಿದರೆ ಕಾಲು ಭಾಗ ಬೆಳಕು ಹೆಚ್ಚು, ಅಷ್ಟೆ. ಆದರೆ 300ರಿಂದ 500ಕ್ಕೆ ಹೋದಾಗ ಹಕ್ಕಿ ದೊಡ್ಡದಾದಂತೆ ಅಲುಗಾಟವೂ ಅಷ್ಟೇ ದೊಡ್ಡದಾಗುತ್ತದೆ, ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು. ಅದನ್ನು ಹಿಡಿಯಲು ಅಷ್ಟೇ ಪಟ್ಟು ವೇಗ ಬೇಕು, ವೇಗಕ್ಕೆ ಮತ್ತೆ ಬೆಳಕು ಬೇಕು. ನಡುಕ ತಡೆಯುವ ವ್ಯವಸ್ಥೆ ಲೆನ್ಸಿನೊಳಗೆ ಇದೆ, ನಿಜ. ಅದು ತಡೆಯುವುದು ನನ್ನ ಕೈಯ ನಡುಕವನ್ನು. ಕೊಂಬೆಯ ಮೇಲೆ ಕುಣಿಯುವ ಹಕ್ಕಿಯನ್ನು ಅದೂ ಹಿಡಿದು ನಿಲ್ಲಿಸುವುದಿಲ್ಲ.

ಕಾಗದದ ಲೆಕ್ಕ ಕಾಗದದಲ್ಲೇ ಇರಲಿ, ಕೈಯಲ್ಲಿ ಹಿಡಿದು ನೋಡೋಣ ಅಂತ ಅಕ್ಕನ ಮಗನಿಗೆ ಹೇಳಿದೆ. ಬೆಂಗಳೂರಿನಲ್ಲಿ ಲೆನ್ಸು ಬಾಡಿಗೆಗೆ ಕೊಡುತ್ತಾರೆ. ದಿನಕ್ಕೆ 1,400 ರೂಪಾಯಿಯಂತೆ ಮೂರು ದಿನಕ್ಕೆ ಅದೇ ಲೆನ್ಸು ತಂದ. ಗುರುತಿನ ಚೀಟಿ, ಮುಂಗಡ ಎಲ್ಲ ಅವನದ್ದೇ. ಕೈಗೆ ತೆಗೆದುಕೊಂಡರೆ ಲೆನ್ಸೊಂದೇ 2.3 ಕೆ.ಜಿ. ಕ್ಯಾಮೆರಾ ಸೇರಿದರೆ ಆಗ ತಾನೇ ಹುಟ್ಟಿದ ಕೂಸಿನ ತೂಕ. ಕೂಸನ್ನಾದರೆ ಎದೆಗೆ ಒತ್ತಿಕೊಳ್ಳಬಹುದು, ಇದನ್ನು ಮುಂದಕ್ಕೆ ಚಾಚಿ ಹಿಡಿಯಬೇಕು!

ಮೊದಲ ದಿನ ಭದ್ರಾ ಹಿನ್ನೀರಿಗೆ ಹೋದೆವು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ನಡುಗಡ್ಡೆಗಳು ಕಾಣಿಸಿಕೊಳ್ಳುತ್ತವೆ, ಅವುಗಳ ಮೇಲೆ ನದಿ ರೀವಗಳು ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯ ರಿವರ್ ಟರ್ನ್ ಲಾಡ್ಜ್‌ಗೆ ಹೆಸರು ಬಂದದ್ದೇ ಈ ಹಕ್ಕಿಯಿಂದ. ಹಳದಿ ಕೊಕ್ಕು, ಕರೀ ಟೊಪ್ಪಿ, ಕತ್ತರಿಯಂಥ ಬಾಲ. ಬಯಲು ಬೆಳಕು, ಮೇಲೆ ಸೂರ್ಯ. ಎಫ್/8, ಸೆಕೆಂಡಿನ 1,600ನೇ ಒಂದು ಭಾಗದ ವೇಗ, ಐಎಸ್‌ಓ 400. ನೀರಿಗೆ ಧುಮುಕಿ ಮೇಲೆದ್ದ ಹಕ್ಕಿಯ ಕೊಕ್ಕಿನಿಂದ ಬೀಳುವ ಹನಿಯೂ ಬಂತು. ನನ್ನ ಹಳೇ ಲೆನ್ಸಿನಲ್ಲಿ ಇದು ಸಾಧ್ಯವೇ ಇರಲಿಲ್ಲ. ನಡುಗಡ್ಡೆಯ ಹತ್ತಿರ ಹೋಗುವ ಹಾಗಿಲ್ಲ, ಹೋಗಲೂಬಾರದು. ಗೂಡು ಬಿಟ್ಟು ತಾಯಿ ಎದ್ದರೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಅಲ್ಲಿ 500 ಮಿ.ಮೀ. ಬೇಕೇ ಬೇಕು. ಆವತ್ತು ರಾತ್ರಿ ಚಿತ್ರ ನೋಡಿದ ನಮ್ಮವರು, "ಇದು ಲಕ್ಷ ಬಾಳ್ತದೆ ನೋಡು" ಅಂದರು. ಹಸು ಮರೆತೇಹೋಗಿತ್ತು.

ಎರಡನೇ ಮತ್ತು ಮೂರನೇ ದಿನ ನಮ್ಮ ತೋಟದಲ್ಲಿ. ಅಡಿಕೆ ತೋಟದೊಳಗೆ ಹೋದವರಿಗೆ ಗೊತ್ತು, ಹೊರಗೆ ಸುಡು ಬಿಸಿಲಿದ್ದರೂ ಒಳಗೆ ಸಂಜೆ ಆದ ಹಾಗೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತದೆ, ಹಾಗಾಗಿ ಕತ್ತಲೆ ಎಷ್ಟಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ, ಎಫ್/5.6ರಲ್ಲಿ, ಐಎಸ್‌ಓ 3200 ಇಟ್ಟರೂ ವೇಗ ಸೆಕೆಂಡಿನ 200ನೇ ಒಂದು ಭಾಗ ದಾಟಲಿಲ್ಲ. ಹಿನ್ನೀರಿನ ಬೆಳಕಿನ ಪಕ್ಕ ಇಟ್ಟರೆ ಇದು ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬಾಲದಂಡೆ ಹಕ್ಕಿ ಮೂರು ಸಲ ಎದುರಿಗೇ ಬಂತು. ಮೂರು ಸಲವೂ ಬಿಳೀ ಬಾಲ ಹೊಗೆಯಂತೆ ಬಂತು. ಇದು ಬೇಸಿಗೆಯ ಬೆಳಗು. ಆಷಾಢದಲ್ಲಿ ಮೋಡ ಕವಿದಾಗ ಇದರ ಕಾಲು ಭಾಗವೂ ಇರಲಿಕ್ಕಿಲ್ಲ.

ಹಾಗಾದರೆ ನಮ್ಮ ಮನೆ ಹಕ್ಕಿಗೆ ದಾರಿ ಏನು? ಲೆಕ್ಕ ಸುಲಭ. 500 ಮಿ.ಮೀ. ಲೆನ್ಸಿನಲ್ಲಿ ಹತ್ತು ಮೀಟರ್ ದೂರದಿಂದ ಕಾಣುವಷ್ಟೇ ದೊಡ್ಡದಾಗಿ 300ರಲ್ಲಿ ಕಾಣಬೇಕಾದರೆ ಆರು ಮೀಟರಿಗೆ ಬರಬೇಕು. ನಾಲ್ಕು ಮೀಟರಿನ ಪ್ರಶ್ನೆ. ಆ ನಾಲ್ಕು ಮೀಟರನ್ನು ದುಡ್ಡು ಕೊಟ್ಟೂ ದಾಟಬಹುದು, ಸುಮ್ಮನೆ ಕೂತೂ ದಾಟಬಹುದು. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿ (1938–2007), ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಇವರೆಲ್ಲ ಕೈ ಪಳಗಿಸಿಕೊಂಡದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ 36 ಚಿತ್ರ. ಕತ್ತಲಾಯಿತು ಅಂತ ಮಧ್ಯದಲ್ಲಿ ಐಎಸ್‌ಓ ತಿರುಗಿಸುವ ಹಾಗಿಲ್ಲ. ತೆಗೆದದ್ದು ಹೇಗೆ ಬಂತು ಅಂತ ತೊಳೆಸಿದ ಮೇಲೇ ಗೊತ್ತಾಗುವುದು. ಆ ಕಾಲದಲ್ಲಿ ಒಳ್ಳೆಯ ಚಿತ್ರ ಬರಬೇಕಾದರೆ ಹಕ್ಕಿಯ ದಿನಚರಿ ತಿಳಿದು, ಮರೆ ಕಟ್ಟಿ, ಕಾಯಲೇಬೇಕಿತ್ತು.

ನನಗೆ ಮರೆ ಕಟ್ಟುವ ಕೆಲಸವೂ ಇಲ್ಲ, ಅಡುಗೆಮನೆ ಕಿಟಕಿಯೇ ಇದೆ. ಕಿಟಕಿಗೆ ಒಂದು ಹಳೇ ಪಂಚೆ ಕಟ್ಟಿ, ಲೆನ್ಸಿನಷ್ಟೇ ತೂತು ಬಿಟ್ಟೆ. ಹೊರಗೆ ನಾಲ್ಕು ಮೀಟರ್ ದೂರದಲ್ಲಿ, ಬೆಳಕು ಬೀಳುವ ಜಾಗ ನೋಡಿ, ಮಣ್ಣಿನ ಬೋಗುಣಿಯಲ್ಲಿ ನೀರು ಇಟ್ಟೆ. ವಾರದೊಳಗೆ ಪಿಕಳಾರ ಬಂತು, ಆಮೇಲೆ ಮಡಿವಾಳ ಹಕ್ಕಿ. ಸಿಳ್ಳೆ ಹಕ್ಕಿಗೆ ಹದಿನೆಂಟು ದಿನ ಹಿಡಿಯಿತು. ಹಳೇ 300ರಲ್ಲೇ ಅದರ ಹೆಗಲ ಮೇಲಿನ ನೀಲಿ ಹೊಳಪು ಚಿತ್ರದ ತುಂಬಾ ಬಂತು.

ಈ ನಡುವೆ ಮನೆಯಲ್ಲಿ ಇನ್ನೊಂದು ಲೆನ್ಸಿನ ಮಾತು ಬಂತು. ನಮ್ಮ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್. ಡಾಕ್ಟರು ಎರಡು ಬಗೆಯ ಲೆನ್ಸು ತೋರಿಸಿದರು. ಸಾಧಾರಣದ್ದು ಹಾಕಿದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕು. ದುಬಾರಿಯದ್ದು ಹಾಕಿದರೆ ದೂರ, ಹತ್ತಿರ ಎರಡೂ ಕಾಣುತ್ತದೆ, ಆದರೆ ಒಳಗೆ ಬರುವ ಬೆಳಕು ಹಂಚಿಹೋಗುವುದರಿಂದ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಂಡಂತಾಗುತ್ತದೆ, ಮಬ್ಬಿನಲ್ಲಿ ಸ್ವಲ್ಪ ಕಷ್ಟ. ನಾವು ದುಬಾರಿಯದ್ದೇ ಇರಲಿ ಅನ್ನುವ ಅಂದಾಜಿನಲ್ಲಿದ್ದೆವು. ಡಾಕ್ಟರು ನಮ್ಮನ್ನು ಬಿಟ್ಟು ಅತ್ತೆಯನ್ನೇ ಕೇಳಿದರು, "ಅಜ್ಜಿ, ಬೆಳಗಿಂದ ಸಂಜೆವರೆಗೆ ನೀವು ಎಂತ ಮಾಡ್ತೀರಿ?"

"ಜಗಲಿ ಮೇಲೆ ಕೂತ್ರೆ ಗೇಟಿನತ್ರ ಯಾರು ಬಂದ್ರು ಅಂತ ಗೊತ್ತಾಗ್ಬೇಕು. ಹೂ ಕಟ್ಟೂದು ಕೈಗೇ ಗೊತ್ತುಂಟು. ಪೇಪರ್ ಓದ್ಲಿಕ್ಕೆ ಕನ್ನಡಕ ಇದ್ಯಲ್ಲ, ನಲವತ್ತು ವರ್ಷದಿಂದ ಅಭ್ಯಾಸ" ಅಂದರು ಅತ್ತೆ. ಸಾಧಾರಣದ್ದೇ ಹಾಕಿಸಿದೆವು. ಈಗ ಗೇಟು ದಾಟಿ ಬರುವವರ ಕೈಚೀಲದಲ್ಲಿ ಏನಿದೆ ಅಂತಲೂ ಹೇಳುತ್ತಾರೆ. ಬೇರೆ ಕೆಲಸ ಮಾಡುವ ಇನ್ನೊಬ್ಬರಿಗೆ ದುಬಾರಿಯದ್ದೇ ಸರಿ ಇರಬಹುದು. ಆದರೆ ಡಾಕ್ಟರ ಆ ಪ್ರಶ್ನೆ ನನಗೆ ಹಿಡಿಸಿತು. ಯಾವ ಲೆನ್ಸು ಒಳ್ಳೆಯದು ಅಂತ ಅವರು ಹೇಳಲಿಲ್ಲ, ನಿಮ್ಮ ದಿನ ಹೇಗಿರುತ್ತದೆ ಅಂತ ಕೇಳಿದರು. ನನ್ನ ಲೆನ್ಸಿಗೂ ಅದೇ ಪ್ರಶ್ನೆ ಹಾಕಿದೆ. ಒಂದು ವರ್ಷದಲ್ಲಿ ಇದಕ್ಕೆ ಎಷ್ಟು ದಿನ ಕೆಲಸ ಕೊಡುತ್ತೇನೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಅಕ್ಟೋಬರ್‌ನಿಂದ ಕೊನೆಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಜನವರಿ ಮುಗಿಯುವವರೆಗೆ ತಲೆ ಎತ್ತಲು ಬಿಡುವಿಲ್ಲ. ಬಿಡುವು ಇರುವುದು ಫೆಬ್ರವರಿಯಿಂದ ಮೇವರೆಗೆ. ಅದರಲ್ಲಿ ಹಿನ್ನೀರಿಗೆ ಹೋಗಲು ಜೊತೆ ಸಿಗಬೇಕು, ಮನೆಯಲ್ಲಿ ಹಾಲು ಕರೆಯುವವರು ಬೇಕು. ಎಷ್ಟು ಎಳೆದರೂ ವರ್ಷಕ್ಕೆ ನಾಲ್ಕು ದಿನ.

ನಾಲ್ಕು ದಿನಕ್ಕೆ ಬಾಡಿಗೆ 5,600 ರೂಪಾಯಿ. ಕೊಂಡರೆ? ಐದು ವರ್ಷ ಇಟ್ಟುಕೊಂಡು ಅರ್ಧ ಬೆಲೆಗೆ ಮಾರಿದೆ ಅಂತ ಇಟ್ಟುಕೊಳ್ಳಿ, ಕಳೆದುಕೊಂಡದ್ದು 54,000. ವರ್ಷಕ್ಕೆ 10,800. ಅಂದರೆ ವರ್ಷಕ್ಕೆ ಎಂಟು ದಿನ ಬಳಸುವವರಿಗೆ ಬಾಡಿಗೆ, ಕೊಳ್ಳುವುದು ಎರಡೂ ಸಮ. ಅದಕ್ಕಿಂತ ಹೆಚ್ಚು ಬಳಸುವವರು ಕಣ್ಣು ಮುಚ್ಚಿ ಕೊಳ್ಳಬಹುದು. ಹಿನ್ನೀರಿನ ದಂಡೆಯಲ್ಲೇ ನನ್ನ ಮನೆ ಇದ್ದಿದ್ದರೆ ನಾನೂ ಕೊಳ್ಳುತ್ತಿದ್ದೆ, ಯಾರ ಮಾತೂ ಕೇಳುತ್ತಿರಲಿಲ್ಲ.

ಬಿಲ್ಲಿನಲ್ಲಿ ಬರೆಯದ ಇನ್ನೊಂದು ಖರ್ಚೂ ಮಲೆನಾಡಿನಲ್ಲಿದೆ, ಬೂಷ್ಟು. ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಹಿಡಿಯುವ ಬೂಷ್ಟು ಲೆನ್ಸಿನ ಗಾಜಿಗೂ ಹಿಡಿಯುತ್ತದೆ. ಒಳಗೆ ಜೇಡರ ಬಲೆಯಂತೆ ಹಬ್ಬಿ, ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಬಿಚ್ಚಿ ತೊಳೆದರೂ ಕಲೆ ಉಳಿಯಬಹುದು. ಗಾಳಿಯ ತೇವಾಂಶ ನೂರಕ್ಕೆ 40ರಿಂದ 50ರೊಳಗೆ ಇದ್ದರೆ ಲೆನ್ಸಿಗೆ ಕ್ಷೇಮ. ಆಷಾಢದಲ್ಲಿ ನಮ್ಮ ಮನೆಯೊಳಗೆ ತೇವಮಾಪಕ 90 ತೋರಿಸುತ್ತದೆ. ವರ್ಷಕ್ಕೆ ನಾಲ್ಕು ದಿನ ಹೊರಗೆ ಬಂದು ಉಳಿದ ದಿನ ಕಪಾಟಿನಲ್ಲಿ ಮಲಗುವ ಲೆನ್ಸಿಗೇ ಬೂಷ್ಟು ಬೇಗ. ದಿನಾ ಗಾಳಿ, ಬೆಳಕು ಕಾಣುವ ಲೆನ್ಸು ಅಷ್ಟು ಬೇಗ ಕೆಡುವುದಿಲ್ಲ.

ನಾನು ಮಾಡಿಕೊಂಡ ಏರ್ಪಾಡು ಹೇಳುತ್ತೇನೆ, ನಮ್ಮ ಸೀಮೆಯವರಿಗೆ ಉಪಯೋಗವಾದೀತು. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಒಂದು. ಅದರೊಳಗೆ ಬಟ್ಟೆ ಗಂಟಿನಲ್ಲಿ ಅರ್ಧ ಕೆ.ಜಿ. ಸಿಲಿಕಾ ಜೆಲ್, ಜೊತೆಗೆ ಪುಟ್ಟ ತೇವಮಾಪಕ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದು ಹಸಿರಾದ ಕೂಡಲೇ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಮುಚ್ಚಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಕ್ಕಿ ಡಬ್ಬಿಯಲ್ಲಿಯೂ ಇಡಬೇಡಿ, ಅಕ್ಕಿಯ ಹುಡಿ ಒಳಗೆ ಹೋಗುತ್ತದೆ. ಉಪ್ಪಿನಕಾಯಿ ಭರಣಿಗೆ ನೀರು ತಾಗದಂತೆ ನೋಡಿಕೊಳ್ಳುವ ನಮಗೆ ಇದೇನು ದೊಡ್ಡ ವಿದ್ಯೆಯಲ್ಲ.

ಕೊನೆಗೆ ನಾನು ಆ ಲೆನ್ಸು ಕೊಳ್ಳಲಿಲ್ಲ. ಅದರ ಬದಲು ಕೊಂಡದ್ದು 90 ಮಿ.ಮೀ. ಎಫ್/2.8ರ ಒಂದು ಮ್ಯಾಕ್ರೋ ಲೆನ್ಸು, 46,000 ರೂಪಾಯಿಗೆ. ಇದೂ ಅಗ್ಗದ್ದಲ್ಲ. ಆದರೆ ಕಾರಣ ನನ್ನ ಚಿತ್ರಗಳ ಪಟ್ಟಿಯಲ್ಲೇ ಇತ್ತು: ನೆಲದ 378 ಚಿತ್ರಗಳು. ಹಳೇ ಲೆನ್ಸು ಒಂದು ಮೀಟರಿಗಿಂತ ಹತ್ತಿರ ಹೋದರೆ ಫೋಕಸ್ಸೇ ಆಗುತ್ತಿರಲಿಲ್ಲ, ಜೇಡ ಕಡಲೆಬೇಳೆಯಷ್ಟೇ ಕಾಣುತ್ತಿತ್ತು. ಮ್ಯಾಕ್ರೋದಲ್ಲಿ ಎರಡೂವರೆ ಸೆಂಟಿಮೀಟರಿನ ಮಿಡತೆ ಚಿತ್ರದ ಈ ಅಂಚಿನಿಂದ ಆ ಅಂಚಿನವರೆಗೆ ತುಂಬುತ್ತದೆ. ಬೆಳಕಿನ ಚಿಂತೆಯೂ ಕಡಿಮೆ. ಹತ್ತಿರದ ವಸ್ತುವಾದ್ದರಿಂದ ಸಣ್ಣ ಫ್ಲಾಶಿಗೆ ಬಿಳೀ ಬಟ್ಟೆ ಕಟ್ಟಿದರೆ ಸಾಕು. ಎಲ್ಲಕ್ಕಿಂತ ಮುಖ್ಯ, ಮಳೆಗಾಲದ ನಾಲ್ಕು ತಿಂಗಳು ಈಗ ವ್ಯರ್ಥವಲ್ಲ. ಹಾರುವ ಕಪ್ಪೆ ಕೆರೆಯ ಮೇಲೆ ಬಾಗಿದ ಎಲೆಗೆ ನೊರೆಗೂಡು ಕಟ್ಟುವುದು, ಮರಿಗಳು ನೊರೆಯಿಂದ ನೀರಿಗೆ ಉದುರುವುದು, ಎಲ್ಲ ಆಗಲೇ. ಜೊತೆಗೆ ಇದೇ ಲೆನ್ಸಿನಲ್ಲಿ ಮನೆಯ ಮದುಮಗಳ ಮುಖವೂ ಚೆಂದ ಬರುತ್ತದೆ, ಹಾಗಾಗಿ ಅಕ್ಕನೂ ಬಂಗಾರದ ಮಾತು ಬಿಟ್ಟಳು.

ನಿಮ್ಮಲ್ಲೂ ಯಾರಾದರೂ ಹೀಗೇ ತೂಗುಯ್ಯಾಲೆಯಲ್ಲಿ ಇದ್ದರೆ ಎರಡು ಮಾತು. ಕೊಳ್ಳುವ ಮುಂಚೆ ನಿಮ್ಮ ಕ್ಯಾಮೆರಾದ ಹೆಸರು ಹೇಳಿ ಹೊಂದುತ್ತದೆಯೇ ಕೇಳಿ. ನನ್ನ ಡಿ5600ರ ಒಳಗೆ ಫೋಕಸ್ ಮೋಟರ್ ಇಲ್ಲ, ಲೆನ್ಸಿನೊಳಗೇ ಮೋಟರ್ ಇರಬೇಕು. ಇಲ್ಲದಿದ್ದರೆ ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. ಹಳೆಯದು ಕೊಳ್ಳುವುದಾದರೆ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ, ಬೂಷ್ಟಿದ್ದರೆ ಎಳೆ ಎಳೆಯಾಗಿ ಕಾಣುತ್ತದೆ. ಹೊಸತಾದರೆ ಭಾರತದ ವಾರಂಟಿ ಕಾರ್ಡು, ಜಿಎಸ್‌ಟಿ ಬಿಲ್ಲು ಎರಡೂ ಕೇಳಿ ಪಡೆಯಿರಿ. ಎಲ್ಲಕ್ಕಿಂತ ಮೊದಲು ಮೂರು ದಿನ ಬಾಡಿಗೆಗೆ ತನ್ನಿ. ಒಂದು ದಿನ ನಿಮ್ಮ ಆಸೆಯ ಜಾಗಕ್ಕೆ ಹೋಗಿ, ಎರಡು ದಿನ ನಿಮ್ಮ ಮನೆ ಹಿತ್ತಲಲ್ಲೇ ಬಳಸಿ. ಹಿತ್ತಲು ಹೇಳಿದ್ದನ್ನು ಕೇಳಿ.

ಬರುವ ಮಾರ್ಚಿಗೆ ದೊಡ್ಡ ಲೆನ್ಸನ್ನು ನಾಲ್ಕು ದಿನಕ್ಕೆ ಹೇಳಿಟ್ಟಿದ್ದೇನೆ, ರೀವಗಳನ್ನು ನೋಡಲು ಈ ಸಲ ಅತ್ತೆಯೂ ಬರುತ್ತಾರಂತೆ. ಉಳಿದ ತೊಂಬತ್ನಾಲ್ಕು ಸಾವಿರ ನನ್ನ ಹೆಸರಿನಲ್ಲೇ ಇದೆ. ಹಸು ಯಾವಾಗ ಅಂತ ನಮ್ಮವರು ಆಗಾಗ ಕೇಳುತ್ತಾರೆ. ನೋಡೋಣ ಅಂದಿದ್ದೇನೆ.